ರೂಟರಿಗೊಂದು ಹಾರ್ಡ್‌ಡಿಸ್ಕ್, ನೆಂಟರ ಮನೆಯಲ್ಲಿ ಇನ್ನೊಂದು

ಮಂಡ್ಯ, ಮದ್ದೂರು, ಮಳವಳ್ಳಿಯ ಬಹಳಷ್ಟು ಮನೆಗಳಲ್ಲಿ ಈಗ ಟಿ.ವಿ. ಪಕ್ಕದ ಗೋಡೆಯ ಮೇಲೋ ಮೆಟ್ಟಿಲ ಕೆಳಗೋ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ವೈಫೈ ಡಬ್ಬಿ ಅಂತ ನಾವು ಕರೆಯುವ ರೂಟರ್ ಅದು. ಕೇಬಲ್‌ನವರು ಬಂದು ಹಾಕಿ ಹೋದ ಮೇಲೆ, ನೆಟ್ ನಿಂತ ದಿನ ಬಿಟ್ಟರೆ, ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಒಂದು ಸಲ ಅದರ ಹಿಂಬದಿ ನೋಡಿ. ನೆಟ್ ವೈರು ಸಿಕ್ಕಿಸುವ ಚೌಕ ಕಿಂಡಿಗಳ ಪಕ್ಕದಲ್ಲಿ, ಹಲವು ರೂಟರ್‌ಗಳಲ್ಲಿ, ಪೆನ್‌ಡ್ರೈವ್ ಹಾಕುವಂಥ ಒಂದು ಚಪ್ಪಟೆ ಕಿಂಡಿ ಇರುತ್ತದೆ. ಯುಎಸ್‌ಬಿ ಪೋರ್ಟ್. ಅದಕ್ಕೆ ಒಂದು ಹಾರ್ಡ್‌ಡಿಸ್ಕ್ ಸಿಕ್ಕಿಸಿದರೆ ಮನೆಮಂದಿಯ ಎಲ್ಲ ಫೋನು, ಲ್ಯಾಪ್‌ಟಾಪುಗಳಲ್ಲಿ ಚೆದುರಿ ಬಿದ್ದಿರುವ ಫೋಟೊ, ವಿಡಿಯೊ, ಕಾಗದಪತ್ರಗಳ ನಕಲನ್ನು ಒಂದೇ ಕಡೆ ಜೋಪಾನವಾಗಿ ಇಡಬಹುದು. ಹೊಸ ಕಂಪ್ಯೂಟರ್ ಕೊಳ್ಳಬೇಕಾಗಿಲ್ಲ, ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕಾಗಿಲ್ಲ. ಅದನ್ನು ಮಾಡುವುದು ಹೇಗೆ, ಎಲ್ಲೆಲ್ಲಿ ಎಡವುತ್ತೇವೆ, ಅದೊಂದನ್ನೇ ನಂಬಿ ಕೂರುವುದು ಯಾಕೆ ತಪ್ಪು ಎಂಬುದನ್ನು ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ನಾನು ಕಂಪ್ಯೂಟರ್ ಮತ್ತು ನೆಟ್‌ವರ್ಕ್ ರಿಪೇರಿ ಕೆಲಸದಲ್ಲಿರುವವನು. ಈ ಕೆಲಸದಲ್ಲಿ ಕೈ ಕಟ್ಟಿಹಾಕುವಂಥ ಸಂದರ್ಭಗಳು ಬರುತ್ತವೆ. ಮಳವಳ್ಳಿ ಕಡೆಯ ಹೆಣ್ಣುಮಗಳೊಬ್ಬರು ನೀರಿನ ಡ್ರಮ್ಮಿಗೆ ಬಿದ್ದಿದ್ದ ಫೋನನ್ನು ತಂದು ಮುಂದಿಟ್ಟರು. ಅವರ ತಾಯಿ ತಂಗಿಯ ಮದುವೆಯ ಚಪ್ಪರದಲ್ಲಿ ಕೂತು ಸೋಬಾನೆ ಹೇಳಿದ್ದರಂತೆ. ಅದೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಆಮೇಲೆ ತಾಯಿ ತೀರಿಕೊಂಡರು. "ಅಣ್ಣ, ಫೋನ್ ಹೋದ್ರೆ ಹೋಗ್ಲಿ, ಅವ್ವನ್ ದನಿ ಒಂದ್ ತೆಕ್ಕೊಟ್ಬುಡಿ" ಅಂದರು. ಬೋರ್ಡು ಸುಟ್ಟಿತ್ತು. ಈಗಿನ ಫೋನುಗಳು ಒಳಗಿನ ಮಾಹಿತಿಯನ್ನೆಲ್ಲ ಬೀಗ ಹಾಕಿದಂತೆ ಗೂಢಲಿಪಿಯಲ್ಲಿ ಬರೆದಿಡುತ್ತವೆ, ಆ ಬೀಗದ ಕೈ ಅದೇ ಬೋರ್ಡಿನಲ್ಲಿರುತ್ತದೆ. ಬೋರ್ಡು ಜೀವ ಹಿಡಿಯದಿದ್ದರೆ ಮೆಮೊರಿ ಚಿಪ್ಪನ್ನು ಕಿತ್ತು ಓದಿದರೂ ಪ್ರಯೋಜನವಿಲ್ಲ. ಮದುವೆಗೆ ಬಂದಿದ್ದ ಸ್ಟುಡಿಯೊದವರನ್ನು ಕೇಳಿದರೆ, "ಇಲ್ಲ ಕಣಕ್ಕ, ಹಳೇವೆಲ್ಲಾ ಅಳಿಸ್ಬುಟ್ಟು ಅದೇ ಡಿಸ್ಕ್‌ಗೆ ಹೊಸಾವ ತುಂಬ್ಕತೀವಿ" ಎಂದರಂತೆ. ಸ್ಟುಡಿಯೊದವರದು ತಪ್ಪು ಅನ್ನಲಾಗದು. ಒಂದು ಲಗ್ನದ ವಿಡಿಯೊ ನೂರಾರು ಜಿಬಿ ಆಗುತ್ತದೆ, ಅವರು ಎಷ್ಟು ವರ್ಷ ಅಂತ ಇಟ್ಟುಕೊಂಡಾರು?

ಕಳೆದುಕೊಳ್ಳುವುದರಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್‌ನಲ್ಲಿ ತೆರೆ ಕಂಡಿತು. ಸುಬ್ಬಯ್ಯನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ನಟಿಸಿದ ಆ ಚಿತ್ರದ ಒಂದು ಪ್ರತಿಯೂ ಇವತ್ತು ನಮಗೆ ನೋಡಲು ಸಿಗುವುದಿಲ್ಲ. ಹೊರಗಿನ ಮಾತಿಗೆ ಬಂದರೆ, 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದೃಶ್ಯವನ್ನು ನೇರವಾಗಿ ಹಿಡಿದಿದ್ದ ಮೂಲ ಟೇಪುಗಳನ್ನು ಅಮೆರಿಕದ ನಾಸಾ ಸಂಸ್ಥೆ ಹುಡುಕಿ ಹುಡುಕಿ, ಕೊನೆಗೆ 2009ರಲ್ಲಿ, ಅವನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿರಬೇಕು ಎಂದು ಒಪ್ಪಿಕೊಂಡಿತು. ಟಿ.ವಿ. ಕೇಂದ್ರಗಳಲ್ಲಿ ನಕಲು ಉಳಿದಿದ್ದರಿಂದ ನಾವು ಆ ದೃಶ್ಯವನ್ನು ಈಗಲೂ ನೋಡುತ್ತಿದ್ದೇವೆ. ಬೇರೊಬ್ಬರ ಬಳಿ ನಕಲು ಇದ್ದದ್ದು ಉಳಿಯಿತು, ಇಲ್ಲದ್ದು ಹೋಯಿತು.

ಹಾಗಾದರೆ ಏನನ್ನು ಮೊದಲು ಉಳಿಸಬೇಕು? ಜನ ಸಾಮಾನ್ಯವಾಗಿ ಪಹಣಿ, ಅಂಕಪಟ್ಟಿ, ಆಧಾರ್ ಅನ್ನುತ್ತಾರೆ. ಅವುಗಳ ಪ್ರತಿ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಪಹಣಿ ನಿಮ್ಮೊಬ್ಬರ ಬಳಿ ಇರುವ ವಸ್ತುವಲ್ಲ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರೇ ಆದ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಮುದ್ರಿಸಿ ಕೊಡುತ್ತಿದ್ದರು. ಇವತ್ತು ಕೂತಲ್ಲೇ ತೆಗೆಯಬಹುದು. ಅಂಕಪಟ್ಟಿ, ಚಾಲನಾ ಪರವಾನಗಿಗಳಿಗೆ 2015ರಿಂದ ಡಿಜಿಲಾಕರ್ ಇದೆ. ಸರ್ಕಾರದ ಬಳಿ ಇರುವುದನ್ನು ಮತ್ತೆ ಕೇಳಿ ಪಡೆಯಬಹುದು. ಅವ್ವನ ಸೋಬಾನೆಯನ್ನು ಯಾವ ಕಚೇರಿಯಲ್ಲಿ ಅರ್ಜಿ ಕೊಟ್ಟು ಪಡೆಯುತ್ತೀರಿ? ಮಗುವಿನ ಮೊದಲ ನಡಿಗೆ, ತೀರಿಹೋದ ಅಜ್ಜನ ಮಾತು, ಕೆಡವಿ ಕಟ್ಟಿದ ತೊಟ್ಟಿಮನೆಯ ಫೋಟೊ, ಊರ ಹಬ್ಬದಲ್ಲಿ ತಂಬೂರಿ ಹಿಡಿದು ನೀಲಗಾರರು ಮಂಟೇಸ್ವಾಮಿ ಕಥೆ ಹಾಡಿದ ರಾತ್ರಿಯ ರೆಕಾರ್ಡಿಂಗು, ಇವು ನಿಮ್ಮ ಫೋನಿನಲ್ಲಿ ಮಾತ್ರ ಇವೆ. ಮೊದಲ ಜಾಗ ಇವುಗಳಿಗೇ.

ಮನೆಯಿಂದಾಚೆಗೂ ಇಂಥದ್ದಿದೆ. ಹಳ್ಳಿ ಡೇರಿಯ ಕಾರ್ಯದರ್ಶಿ ತನ್ನ ಲ್ಯಾಪ್‌ಟಾಪಿನಲ್ಲಿ ಬರೆದಿಟ್ಟುಕೊಂಡ ಹಾಲಿನ ಲೆಕ್ಕ. ಗೆಜ್ಜಲಗೆರೆಯ ಹಾಲು ಒಕ್ಕೂಟದಲ್ಲಿ ಮೊತ್ತದ ಲೆಕ್ಕ ಇರುತ್ತದೆ, ಸರಿ. ಯಾವ ರೈತನಿಗೆ ಎಷ್ಟು ಮುಂಗಡ ಕೊಟ್ಟಿದೆ, ಯಾರ ಬಟವಾಡೆ ಎಷ್ಟು ಬಾಕಿ ಎಂಬ ಟಿಪ್ಪಣಿ ಆ ಒಂದು ಲ್ಯಾಪ್‌ಟಾಪಿನಲ್ಲೇ ಇದ್ದರೆ, ಅದು ಕೆಟ್ಟ ದಿನ ಊರಿನಲ್ಲಿ ಜಗಳ ಶುರುವಾಗುತ್ತದೆ.

ಗೂಗಲ್‌ನಲ್ಲಿ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಗೂಗಲ್ ಫೋಟೋಸ್ ಮಿತಿಯಿಲ್ಲದ ಉಚಿತ ಜಾಗ ಕೊಡುವುದನ್ನು 2021ರ ಜೂನ್ 1ಕ್ಕೆ ನಿಲ್ಲಿಸಿತು. ಈಗ ಮೇಲ್, ಫೈಲು, ಫೋಟೊ ಎಲ್ಲಕ್ಕೂ ಸೇರಿ ಉಚಿತವಾಗಿ ಸಿಗುವುದು 15 ಜಿಬಿ. ಇವತ್ತಿನ ಫೋನಿನಲ್ಲಿ ಒಂದು ನಿಮಿಷದ ಫುಲ್ ಎಚ್‌ಡಿ ವಿಡಿಯೊ 100 ಎಂಬಿ ದಾಟುತ್ತದೆ. ಎರಡು-ಮೂರು ಗಂಟೆಯ ವಿಡಿಯೊಗೆ ಆ 15 ಜಿಬಿ ಮುಗಿಯಿತು. ತುಂಬಿದ ಮೇಲೆ ಫೋನು ಹೊಸದನ್ನು ಮೇಲಕ್ಕೆ ಕಳಿಸುವುದನ್ನು ನಿಲ್ಲಿಸುತ್ತದೆ, ತೋರಿಸಿದ ಎಚ್ಚರಿಕೆಯನ್ನು ನಾವು ಬದಿಗೆ ಸರಿಸಿಬಿಡುತ್ತೇವೆ. ಇನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿದೆ ಅನ್ನುವವರಿಗೆ ಒಂದು ಮಾತು: ಅಲ್ಲಿ ಮಾಮೂಲಾಗಿ ಕಳಿಸಿದ ಫೋಟೊ, ವಿಡಿಯೊ ಕುಗ್ಗಿ ಹೋಗಿರುತ್ತದೆ. ಮೂಲವನ್ನೇ ಕಳಿಸಬೇಕಾದರೆ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಬೇಕು. ಮೂಲ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲದ ಮದುವೆಗಳನ್ನು ನಾನು ಬಹಳ ನೋಡಿದ್ದೇನೆ.

ಈಗ ಕೆಲಸಕ್ಕೆ ಬರೋಣ. ಮೊದಲು ನಿಮ್ಮ ರೂಟರಿನ ಯುಎಸ್‌ಬಿ ಕಿಂಡಿ ಕೆಲಸ ಮಾಡುತ್ತದೆಯೇ ನೋಡಬೇಕು. ನೆಟ್ ಕಂಪನಿಯವರೇ ಕೊಟ್ಟ ಕೆಲವು ಪೆಟ್ಟಿಗೆಗಳಲ್ಲಿ ಕಿಂಡಿ ಇದ್ದರೂ ಒಳಗಿನ ಸಾಫ್ಟ್‌ವೇರಿನಲ್ಲಿ ಅದನ್ನು ಮುಚ್ಚಿರುತ್ತಾರೆ. ಹಾಗಿದ್ದರೆ ಯುಎಸ್‌ಬಿ ಇರುವ ಬೇರೊಂದು ರೂಟರ್ ತಂದು, ಹಳೆಯದರಿಂದ ಒಂದು ನೆಟ್ ವೈರು ಎಳೆದು ಜೋಡಿಸಿಕೊಳ್ಳಬಹುದು. ರೂಟರಿನ ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ಅದರ ವಿಳಾಸ ಇರುತ್ತದೆ. ಬಹಳ ಕಡೆ ಅದು 192.168.1.1 ಅಥವಾ 192.168.0.1. ಫೋನಿನ ಬ್ರೌಸರಿನಲ್ಲಿ ಆ ಸಂಖ್ಯೆ ಹೊಡೆದರೆ ರೂಟರಿನ ಒಳಪುಟ ತೆರೆಯುತ್ತದೆ. ಅಲ್ಲಿ ಯುಎಸ್‌ಬಿ ಶೇರಿಂಗ್, ಸ್ಟೋರೇಜ್ ಅಥವಾ ಸಾಂಬಾ ಎಂಬ ಹೆಸರು ಹುಡುಕಿ. ಸಾಂಬಾ ಅನ್ನುವುದು ಒಂದು ಯಂತ್ರದ ಫೈಲುಗಳನ್ನು ಮನೆಯ ಬೇರೆ ಯಂತ್ರಗಳಿಗೆ ಕಾಣಿಸುವ ತಂತ್ರಾಂಶ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ವಿದ್ಯಾರ್ಥಿಯಾಗಿದ್ದಾಗ ಶುರುಮಾಡಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಅಂಥವರ ಕೆಲಸದಿಂದಲೇ ನಮ್ಮ ಮನೆಯ ಅಗ್ಗದ ಡಬ್ಬಿಯಲ್ಲೂ ಈ ಅನುಕೂಲ ಬಂದಿದೆ.

ಡಿಸ್ಕು ಕೊಳ್ಳುವಾಗ ಅಂಗೈ ಅಗಲದ ಪೋರ್ಟಬಲ್ ಹಾರ್ಡ್‌ಡಿಸ್ಕ್ ಕೊಳ್ಳುತ್ತೇವೆ. ಮದುವೆ ಆಲ್ಬಮ್ಮಿಗೆ ಕೊಡುವ ದುಡ್ಡಿಗಿಂತ ಕಡಿಮೆಯಲ್ಲಿ ಸಿಗುತ್ತದೆ. ಪೆನ್‌ಡ್ರೈವ್ ಹಾಕಿ ಸುಮ್ಮನಾಗಬೇಡಿ, ಹಗಲೂ ರಾತ್ರಿ ದುಡಿಯುವುದಕ್ಕೆ ಅದನ್ನು ಮಾಡಿಲ್ಲ. ಡಿಸ್ಕನ್ನು ರೂಟರಿಗೆ ಸಿಕ್ಕಿಸಿದ ಕೂಡಲೇ ಕಿವಿ ಹತ್ತಿರ ಇಟ್ಟು ಕೇಳಿ. ಒಳಗಿನ ತಟ್ಟೆ ತಿರುಗತೊಡಗಿದ ಸಣ್ಣ ಗುಂಯ್ ಸದ್ದು ಬಂದು ಹಾಗೇ ನೆಲೆ ನಿಂತರೆ ಸರಿ. ಟಿಕ್, ಟಿಕ್ ಎಂದು ಬಡಿದು, ನಿಂತು, ಮತ್ತೆ ಟಿಕ್ ಎಂದರೆ, ದೀಪ ಹತ್ತಿ ಆರಿ ಮಾಡಿದರೆ, ಸಿಕ್ಕಿದ ಕರೆಂಟು ಸಾಲುತ್ತಿಲ್ಲ ಎಂದೇ ಮೊದಲು ತಿಳಿಯಬೇಕು. ಹಳೆಯ ಬಗೆಯ ಯುಎಸ್‌ಬಿ 2.0 ಕಿಂಡಿ ನಿಯಮದ ಪ್ರಕಾರ ಕೊಡುವುದು 500 ಮಿಲಿಆಂಪಿಯರ್. ಒಳಗೆ ನೀಲಿ ಬಣ್ಣ ಇರುವ 3.0 ಕಿಂಡಿ 900 ಮಿಲಿಆಂಪಿಯರ್. ಡಿಸ್ಕಿನ ತಟ್ಟೆ ನಿಂತಲ್ಲಿಂದ ವೇಗ ಹಿಡಿಯುವ ಮೊದಲ ಕ್ಷಣಗಳಲ್ಲಿ ಅದಕ್ಕೆ ಅಷ್ಟೂ ಬೇಕಾಗಬಹುದು. ಸಾಲದೆ ಹೋದರೆ ಅದು ಅರೆಬರೆ ಓಡಿ ಬರೆದದ್ದನ್ನೂ ಕೆಡಿಸುತ್ತದೆ. ಹಾಗಾದಾಗ ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಒಂದನ್ನು ನಡುವೆ ಹಾಕಬೇಕು. ಇಲ್ಲವೇ ಗೋಡೆಯ ಪ್ಲಗ್ಗಿನಿಂದ ಕರೆಂಟು ತೆಗೆದುಕೊಳ್ಳುವ ದೊಡ್ಡ ಡಿಸ್ಕನ್ನೇ ತರಬೇಕು.

ನಮ್ಮ ಕಡೆ ಕರೆಂಟಿನ ಮಾತನ್ನು ಇಷ್ಟಕ್ಕೇ ಬಿಡುವಂತಿಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿಯಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಆ ಹೆಮ್ಮೆ ನಮಗಿರಲಿ. ಆದರೆ ಬೇಸಿಗೆಯ ಸಂಜೆ ಗುಡುಗು ಸಿಡಿಲಿನ ಮಳೆ ಬಂದಾಗ ನಮ್ಮ ಮನೆಗಳಲ್ಲಿ ಕರೆಂಟು ಹೋಗಿ, ಬಂದು, ಮತ್ತೆ ಹೋಗುತ್ತದೆ. ಡಿಸ್ಕಿನ ಮೇಲೆ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಆ ಒಂದು ಫೈಲು ಮಾತ್ರವಲ್ಲ, ಯಾವ ಫೈಲು ಎಲ್ಲಿದೆ ಎಂದು ಬರೆದಿಟ್ಟುಕೊಂಡ ಪಟ್ಟಿಯೇ ಹಾಳಾಗಬಹುದು. ಡಿಸ್ಕನ್ನು ಯಾವ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡುತ್ತೇವೆ ಎಂಬುದಕ್ಕೆ ಇಲ್ಲಿ ಬೆಲೆ ಬರುತ್ತದೆ. ಎನ್‌ಟಿಎಫ್‌ಎಸ್ ಎಂಬ ಮಾದರಿ ತಾನು ಮಾಡಲಿರುವ ಬದಲಾವಣೆಯನ್ನು ಮೊದಲು ದಿನಚರಿಯಲ್ಲಿ ಗುರುತು ಹಾಕಿಕೊಂಡು ಆಮೇಲೆ ಮಾಡುತ್ತದೆ, ಹಾಗಾಗಿ ಮಧ್ಯೆ ಕರೆಂಟು ಹೋದರೂ ಪಟ್ಟಿಯನ್ನು ಸರಿಪಡಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಫ್ಯಾಟ್32, ಎಕ್ಸ್‌ಫ್ಯಾಟ್‌ಗಳಿಗೆ ಆ ದಿನಚರಿ ಇಲ್ಲ. ಫ್ಯಾಟ್32ನಲ್ಲಿ 4 ಜಿಬಿಗಿಂತ ದೊಡ್ಡ ಫೈಲನ್ನು ಇಡಲೂ ಆಗದು, ಮದುವೆ ವಿಡಿಯೊ ಅರ್ಧಕ್ಕೇ ನಿಲ್ಲುತ್ತದೆ. ನಿಮ್ಮ ರೂಟರ್ ಎನ್‌ಟಿಎಫ್‌ಎಸ್ ಓದಿ ಬರೆಯುವುದಾದರೆ ಅದನ್ನೇ ಆರಿಸಿ. ರೂಟರ್ ನಾಳೆ ಸಿಡಿಲಿಗೆ ಸಿಕ್ಕರೂ ಡಿಸ್ಕನ್ನು ಬಿಚ್ಚಿ ನೇರವಾಗಿ ವಿಂಡೋಸ್ ಕಂಪ್ಯೂಟರಿಗೆ ಹಾಕಿ ಓದಬಹುದು.

ಮನೆಯಲ್ಲಿ ಇನ್ವರ್ಟರ್ ಇರುವವರು ಒಂದು ವಿಷಯ ಗಮನಿಸಿ. ಕರೆಂಟು ಹೋದಾಗ ಫ್ಯಾನು ನಿಲ್ಲದೆ ತಿರುಗುತ್ತಿರುತ್ತದೆ, ಆದರೆ ರೂಟರ್ ಮಾತ್ರ ಒಮ್ಮೆ ಆರಿ ಹತ್ತಿಕೊಳ್ಳುತ್ತದೆ. ಇನ್ವರ್ಟರ್ ಬದಲಾಯಿಸಿಕೊಳ್ಳುವ ಆ ಚೂರು ಹೊತ್ತನ್ನು ಅದು ತಾಳಲಾರದು. ಹಲವು ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್ ಎಂಬ ಸಣ್ಣ ಸ್ವಿಚ್ಚಿರುತ್ತದೆ. ಅದನ್ನು ಹಾಕಿದರೆ ಬದಲಾವಣೆ ಬೇಗ ಆಗುತ್ತದೆ, ಡಿಸ್ಕಿಗೆ ಪೆಟ್ಟು ಬೀಳುವುದಿಲ್ಲ. ಇನ್ವರ್ಟರ್ ಇಲ್ಲದವರು ರೂಟರಿಗೆಂದೇ ಮಾಡಿದ ಚಿಕ್ಕ 12 ವೋಲ್ಟಿನ ಯುಪಿಎಸ್ ಹಾಕಬಹುದು. ಡಿಸ್ಕಿನ ಭಾರವೂ ಅದರ ಮೇಲೆ ಬೀಳುವುದರಿಂದ, ಅಂಗಡಿಯಲ್ಲಿ 12 ವೋಲ್ಟಿಗೆ ಎಷ್ಟು ಆಂಪಿಯರ್ ಕೊಡುತ್ತದೆ ಎಂದು ಕೇಳಿ ರೂಟರ್ ಅಡಾಪ್ಟರಿನ ಮೇಲೆ ಬರೆದಿರುವುದಕ್ಕಿಂತ ಹೆಚ್ಚಿನದನ್ನು ತನ್ನಿ.

ವೇಗದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೆಚ್ಚಿನವರು ಕೈಬಿಡುವುದು ಇಲ್ಲೇ. ಡಿಸ್ಕಿನ ಡಬ್ಬದ ಮೇಲೆ ಬರೆದಿರುವ ವೇಗ ರೂಟರಿನಲ್ಲಿ ಸಿಗುವುದಿಲ್ಲ. ರೂಟರಿನೊಳಗೆ ಇರುವುದು ಚಿಕ್ಕ ಪ್ರೊಸೆಸರ್. ನೆಟ್ ಹಂಚುವುದರ ಜೊತೆಗೆ ಫೈಲು ಬರೆಯುವ ಕೆಲಸವನ್ನೂ ಅದೇ ಮಾಡಬೇಕು. ಸೆಕೆಂಡಿಗೆ 10 ಎಂಬಿ ಸಿಕ್ಕಿತು ಎಂದಿಟ್ಟುಕೊಳ್ಳಿ. 1 ಟಿಬಿ ಡಿಸ್ಕು ತುಂಬಲು ಒಂದು ಲಕ್ಷ ಸೆಕೆಂಡು ಬೇಕು. ಸುಮಾರು 28 ಗಂಟೆ. ಅದೇ ಡಿಸ್ಕನ್ನು ಲ್ಯಾಪ್‌ಟಾಪಿನ ನೀಲಿ ಕಿಂಡಿಗೆ ನೇರ ಹಾಕಿದರೆ, ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ, 3 ಗಂಟೆಯೊಳಗೆ ಮುಗಿಯುತ್ತದೆ. ಆದ್ದರಿಂದ ಮೊದಲ ಸಲದ ದೊಡ್ಡ ರಾಶಿಯನ್ನು ವೈಫೈ ಮೇಲೆ ಕಳಿಸಲು ಹೋಗಬೇಡಿ. ಡಿಸ್ಕನ್ನು ಲ್ಯಾಪ್‌ಟಾಪಿಗೇ ಹಾಕಿ ಹಳೆಯದನ್ನೆಲ್ಲ ತುಂಬಿ, ಆಮೇಲೆ ರೂಟರಿಗೆ ಸಿಕ್ಕಿಸಿ. ದಿನಾ ಸೇರುವ ಹತ್ತಿಪ್ಪತ್ತು ಫೋಟೊಗಳಿಗೆ ರೂಟರಿನ ವೇಗ ಧಾರಾಳ.

ದಿನದ ಕೆಲಸ ತಾನಾಗಿ ನಡೆಯಬೇಕು. ಕೈಯಾರೆ ಮಾಡುತ್ತೇನೆ ಅಂದವರು ನಾಲ್ಕು ವಾರ ಮಾಡಿ ಮರೆಯುತ್ತಾರೆ. ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ ಎಂಬ ವ್ಯವಸ್ಥೆ ಇದೆ, ಅದಕ್ಕೆ ರೂಟರಿನ ಡಿಸ್ಕನ್ನು ತೋರಿಸಿದರೆ ಫೈಲುಗಳ ಹಳೆಯ ರೂಪಗಳನ್ನೂ ಉಳಿಸಿಕೊಳ್ಳುತ್ತಾ ಹೋಗುತ್ತದೆ. ಆಂಡ್ರಾಯ್ಡ್ ಫೋನಿಗೆ ಫೋಲ್ಡರ್‌ಸಿಂಕ್‌ನಂಥ ಆ್ಯಪ್ ಹಾಕಿ, ಮನೆಯ ವೈಫೈ ಸಿಕ್ಕಿ ಚಾರ್ಜಿಗೆ ಹಾಕಿದಾಗ ಕ್ಯಾಮೆರಾ ಫೋಲ್ಡರನ್ನು ಕಳಿಸು ಎಂದು ಹೇಳಿಡಬಹುದು. ಹಾಗೆ ಹೇಳುವಾಗ ಒಂದು ಆಯ್ಕೆಯನ್ನು ಕಣ್ಣಿಟ್ಟು ನೋಡಿ. ಫೋನಿನಲ್ಲಿ ಅಳಿಸಿದ್ದನ್ನು ಡಿಸ್ಕಿನಲ್ಲೂ ಅಳಿಸಲೇ ಎಂದು ಅದು ಕೇಳುತ್ತದೆ. ಬೇಡ ಅನ್ನಬೇಕು. ಬೇಕು ಅಂದರೆ, ಮೊಮ್ಮಗ ಆಟವಾಡುತ್ತಾ ಫೋನಿನ ಫೋಟೊಗಳನ್ನೆಲ್ಲ ಅಳಿಸಿದ ರಾತ್ರಿಯೇ ಡಿಸ್ಕಿನಲ್ಲಿದ್ದವೂ ಹೋಗುತ್ತವೆ.

ಇನ್ನು ಕಳ್ಳರ ಮಾತು. ರೂಟರಿನ ಒಳಪುಟದ ಪಾಸ್‌ವರ್ಡು, ತಂದ ದಿನ ಇದ್ದದ್ದೇ ಇವತ್ತೂ ಇದ್ದರೆ ಮೊದಲು ಬದಲಿಸಿ. ಮನೆಯ ಡಿಸ್ಕನ್ನು ಹೊರಗಿನಿಂದಲೂ ನೋಡುವ ಅನುಕೂಲವನ್ನು ಕೆಲವು ರೂಟರ್‌ಗಳು ಕೊಡುತ್ತವೆ. ಬೆಂಗಳೂರಿನಲ್ಲಿ ಕೂತು ಮಂಡ್ಯದ ಮನೆಯ ಫೋಟೊ ನೋಡಬಹುದು ಅನ್ನುವ ಆಸೆ ಯಾರಿಗಾದರೂ ಆಗುತ್ತದೆ. ನನ್ನ ಸಲಹೆ, ಅದನ್ನು ತೆರೆಯಲೇಬೇಡಿ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ 'ಮೈ ಬುಕ್ ಲೈವ್' ಎಂಬ, ಇಂಟರ್ನೆಟ್ಟಿಗೆ ತೆರೆದಿದ್ದ ಮನೆಬಳಕೆಯ ಡಿಸ್ಕುಗಳನ್ನು ಹೊರಗಿನವರು ಯಾರೋ ಅಳಿಸಿಹಾಕಿದರು. ಬೆಳಗ್ಗೆ ಎದ್ದ ಜನಕ್ಕೆ ಖಾಲಿ ಡಿಸ್ಕು ಕಂಡಿತು. ಆ ಯಂತ್ರಗಳಿಗೆ 2015ರ ನಂತರ ಸಾಫ್ಟ್‌ವೇರ್ ದುರಸ್ತಿಯೇ ಬಂದಿರಲಿಲ್ಲ. ನಮ್ಮ ರೂಟರ್‌ಗಳಲ್ಲಿ ಎಷ್ಟೋ ಅದೇ ಸ್ಥಿತಿಯಲ್ಲಿವೆ.

ಹಳೆಯ ರೂಟರ್ ಇರುವವರಿಗೆ ಇನ್ನೊಂದು ತೊಡಕು. ಡಿಸ್ಕು ಫೋನಿನಲ್ಲಿ ಕಾಣುತ್ತದೆ, ಹೊಸ ಲ್ಯಾಪ್‌ಟಾಪಿನಲ್ಲಿ ಕಾಣುವುದಿಲ್ಲ. ಹಳೆಯ ರೂಟರ್ ಎಸ್‌ಎಂಬಿ 1 ಎಂಬ ಹಳೇ ಪದ್ಧತಿಯಲ್ಲಿ ಮಾತಾಡುವುದೇ ಇದಕ್ಕೆ ಹೆಚ್ಚಿನ ಸಲ ಕಾರಣ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ವೈರಸ್ಸು ಜಗತ್ತಿನಾದ್ಯಂತ ಆಸ್ಪತ್ರೆ, ಕಚೇರಿಗಳ ಕಂಪ್ಯೂಟರುಗಳಿಗೆ ನುಗ್ಗಿದ್ದು ವಿಂಡೋಸ್‌ನಲ್ಲಿ ಆ ಪದ್ಧತಿಯಲ್ಲಿದ್ದ ಬಿರುಕಿನಿಂದ. ಅದೇ ವರ್ಷದ ಕೊನೆಯಿಂದ ಹೊಸ ವಿಂಡೋಸ್‌ನಲ್ಲಿ ಅದನ್ನು ತಾನಾಗಿ ಹಾಕಿಕೊಡುವುದನ್ನು ನಿಲ್ಲಿಸಿದರು. ಅದನ್ನು ಮತ್ತೆ ಆನ್ ಮಾಡಿಕೊಳ್ಳಿ, ಎಲ್ಲ ಕಾಣುತ್ತದೆ ಎಂದು ಯಾರಾದರೂ ಹೇಳಿದರೆ ಮಾಡಬೇಡಿ. ರೂಟರಿನ ಸಾಫ್ಟ್‌ವೇರ್ ಹೊಸದು ಸಿಗುತ್ತದೆಯೇ ನೋಡಿ, ಸಿಗದಿದ್ದರೆ ರೂಟರನ್ನೇ ಬದಲಿಸಿ.

ಇಷ್ಟೆಲ್ಲ ಮಾಡಿದರೂ ರೂಟರಿಗೆ ಅಂಟಿಕೊಂಡ ಡಿಸ್ಕು ಸದಾ ಹತ್ತಿಕೊಂಡೇ ಇರುತ್ತದೆ, ಮನೆಯ ಎಲ್ಲ ಯಂತ್ರಗಳ ಕೈಗೆ ಸಿಗುತ್ತದೆ. ಮನೆಯ ಒಂದು ಲ್ಯಾಪ್‌ಟಾಪಿಗೆ ಸುಲಿಗೆ ವೈರಸ್ಸು ಬಂದರೆ ಅದು ತನಗೆ ಕಂಡ ಡಿಸ್ಕುಗಳಿಗೂ ಬೀಗ ಹಾಕುತ್ತದೆ. ಸಿಡಿಲು ಬಡಿದರೆ ಗೋಡೆಯ ಪ್ಲಗ್ಗಿನಲ್ಲಿರುವ ಎಲ್ಲವೂ ಒಟ್ಟಿಗೆ ಹೋಗಬಹುದು. ಮನೆಗೆ ಕಳ್ಳರು ಬಂದರೆ, ನೀರು ನುಗ್ಗಿದರೆ ಲ್ಯಾಪ್‌ಟಾಪು, ರೂಟರು, ಡಿಸ್ಕು ಮೂರಕ್ಕೂ ಒಂದೇ ಗತಿ. 2022ರ ಮಳೆಗಾಲದಲ್ಲಿ ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯೇ ಮುಳುಗಿದ್ದನ್ನು ನೀವು ಮರೆತಿರಲಾರಿರಿ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ತಮ್ಮ ವೃತ್ತಿಯವರಿಗಾಗಿ ಬರೆದ ಪುಸ್ತಕದಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು, ಅದೀಗ ಜಗತ್ತಿನ ರೂಢಿಯಾಗಿದೆ. ಯಾವುದೇ ಮುಖ್ಯ ವಸ್ತುವಿನ ಪ್ರತಿ 3 ಇರಲಿ, 2 ಬೇರೆ ಬೇರೆ ಸಾಧನಗಳಲ್ಲಿರಲಿ, ಅವುಗಳಲ್ಲಿ 1 ಬೇರೆ ಊರಿನಲ್ಲೋ ಬೇರೆ ಮನೆಯಲ್ಲೋ ಇರಲಿ.

ಇದನ್ನು ನಮ್ಮ ಜಿಲ್ಲೆಯಲ್ಲಿ ಕಂಪ್ಯೂಟರಿನ ಗೊಡವೆ ಇಲ್ಲದೆ ಮಾಡಿ ತೋರಿಸಿದವರಿದ್ದಾರೆ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ರೈತ ಸೈಯದ್ ಗನಿ ಖಾನ್ ನೂರಾರು ಬಗೆಯ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಭತ್ತದ ಬೀಜವನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟರೆ ಸಾಲದು, ಕಾಲ ಕಳೆದಂತೆ ಅದರ ಮೊಳಕೆಯ ಶಕ್ತಿ ಕುಂದುತ್ತದೆ. ಮತ್ತೆ ಮತ್ತೆ ಗದ್ದೆಗೆ ಹಾಕಿ, ಬೆಳೆದು, ಹೊಸ ಬೀಜ ಎತ್ತಿಡಬೇಕು, ಬೇರೆ ರೈತರಿಗೂ ಕೊಡಬೇಕು. ಒಬ್ಬರ ಗದ್ದೆಯಲ್ಲಿ ತಪ್ಪಿದರೆ ಇನ್ನೊಬ್ಬರ ಗದ್ದೆಯಿಂದ ವಾಪಸ್ಸು ಬರಲಿ ಎಂದು. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ 2008ರಲ್ಲಿ ಶುರುವಾದ ಬೀಜದ ಉಗ್ರಾಣಕ್ಕೆ ಜಗತ್ತಿನ ದೇಶಗಳು ತಮ್ಮ ಬೀಜದ ಇನ್ನೊಂದು ಪ್ರತಿ ಕಳಿಸಿ ಇಡುತ್ತವೆ. ಸಿರಿಯಾದ ಅಲೆಪ್ಪೊ ಬಳಿಯ ಸಂಶೋಧನಾ ಕೇಂದ್ರ ಯುದ್ಧದಿಂದ ಕೈತಪ್ಪಿದಾಗ, 2015ರಲ್ಲಿ ಅಲ್ಲಿನ ವಿಜ್ಞಾನಿಗಳು ತಾವು ಇಟ್ಟಿದ್ದ ಬೀಜವನ್ನು ಮೊಟ್ಟಮೊದಲ ಬಾರಿಗೆ ಆ ಉಗ್ರಾಣದಿಂದ ವಾಪಸ್ಸು ಪಡೆದು ಬೇರೆ ದೇಶಗಳಲ್ಲಿ ಬಿತ್ತಿದರು. ನಮ್ಮ ಡಿಸ್ಕುಗಳದ್ದೂ ಅದೇ ಕಥೆ. ದೂರದಲ್ಲಿ ಒಂದಿರಬೇಕು, ಆಗಾಗ ಹೊಸದು ಮಾಡುತ್ತಿರಬೇಕು.

ದೂರ ಅಂದರೆ ನಾರ್ವೆಗೆ ಹೋಗಬೇಕಾಗಿಲ್ಲ. ಮಂಡ್ಯದಿಂದ ಮದ್ದೂರು 20 ಕಿಲೋಮೀಟರ್ ಆಸುಪಾಸು, ಮಳವಳ್ಳಿಗೂ ದಿನಾ ಹೋಗಿ ಬರುವಷ್ಟೇ ದೂರ. ನಮ್ಮಲ್ಲಿ ಈ ಮೂರೂ ಊರುಗಳಲ್ಲಿ ನೆಂಟರಿಲ್ಲದ ಮನೆ ಅಪರೂಪ. ತವರು ಮಂಡ್ಯದಲ್ಲಿ, ಅಕ್ಕನನ್ನು ಕೊಟ್ಟದ್ದು ಮದ್ದೂರಿಗೆ, ಹೆಂಡತಿಯ ಅಣ್ಣ ಮಳವಳ್ಳಿಯಲ್ಲಿ. ಒಂದೇ ಮಳೆಗೆ, ಒಂದೇ ಸಿಡಿಲಿಗೆ, ಒಂದೇ ಕಳ್ಳನಿಗೆ ಮೂರೂ ಮನೆ ಸಿಗುವುದಿಲ್ಲ. ನಾನು ಹಲವು ಮನೆಗಳಿಗೆ ಹೇಳಿ ಮಾಡಿಸಿರುವ ಏರ್ಪಾಡು ಹೀಗಿದೆ. ಪ್ರತಿ ಮನೆಯ ರೂಟರಿನಲ್ಲಿ ಒಂದು ಡಿಸ್ಕು ಸದಾ ಇರುತ್ತದೆ. ಅದರದೇ ಜೋಡಿಯಾಗಿ ಇನ್ನೊಂದು ಡಿಸ್ಕು ತುಂಬಿ ನೆಂಟರ ಬೀರುವಿನಲ್ಲಿ, ಯಾವ ವೈರಿಗೂ ತಗುಲದೆ, ಇರುತ್ತದೆ. ಅವರದು ಇವರ ಬೀರುವಿನಲ್ಲಿ. ಗೌರಿ ಹಬ್ಬಕ್ಕೆ ತಮ್ಮ ಅಕ್ಕನ ಮನೆಗೆ ಬಾಗಿನ ತೆಗೆದುಕೊಂಡು ಹೋಗುವಾಗ ಡಿಸ್ಕನ್ನೂ ತೆಗೆದುಕೊಂಡು ಹೋಗುತ್ತಾನೆ, ಅಲ್ಲಿದ್ದ ಹಳೆಯದನ್ನು ತಂದು ಹೊಸ ಫೋಟೊ ತುಂಬುತ್ತಾನೆ. ಯುಗಾದಿಗೆ ಇನ್ನೊಂದು ಸಲ. ಹಬ್ಬಕ್ಕೆ ಕಟ್ಟಿಹಾಕಿದರೆ ಯಾರೂ ಮರೆಯುವುದಿಲ್ಲ, ಯಾಕೆಂದರೆ ಹಬ್ಬವನ್ನು ಮರೆಯುವವರಿಲ್ಲ. ಅಕ್ಕ ತಮ್ಮನಿಗೆ ಫೋನು ಮಾಡಿ, "ಈ ಸಲ ಡಿಸ್ಕ್ ಮರೀಬ್ಯಾಡ ಕಣೋ, ಅಪ್ಪನ್ ಫೋಟೊ ಅವೆ ಅದ್ರಲ್ಲಿ" ಎಂದು ನೆನಪಿಸುವುದನ್ನು ನಾನೇ ಕೇಳಿದ್ದೇನೆ. ಸಾವಿರ ಕಂಪ್ಯೂಟರಿನ ಸೂಚನೆಗಿಂತ ಆ ಒಂದು ಕರೆಗೆ ಹೆಚ್ಚಿನ ಬಲವಿದೆ ಎಂದು ನಂಬಿದ್ದೇನೆ.

ಬೇರೆಯವರ ಮನೆಯಲ್ಲಿಡುವ ಡಿಸ್ಕಿನಲ್ಲಿ ಬ್ಯಾಂಕಿನ ಕಾಗದ, ಆಧಾರ್ ಪ್ರತಿಗಳಿದ್ದರೆ ಅವನ್ನು ಮಾತ್ರ 7-ಜಿಪ್‌ನಂಥ ಉಚಿತ ತಂತ್ರಾಂಶದಲ್ಲಿ ಪಾಸ್‌ವರ್ಡು ಹಾಕಿ ಕಟ್ಟಿಡಿ. ಫೋಟೊ, ವಿಡಿಯೊ, ದನಿಗಳಿಗೆ ಬೀಗ ಬೇಡ. ಮನೆಯ ಯಜಮಾನನೊಬ್ಬನೇ ಪಾಸ್‌ವರ್ಡು ಬಲ್ಲವನಾಗಿದ್ದು, ಅವನು ಹೋದ ಮೇಲೆ ಹೆಂಡತಿ ಮಕ್ಕಳು ತೆರೆಯಲಾಗದೆ ಕೂತ ಡಿಸ್ಕುಗಳೂ ನನ್ನ ಮೇಜಿಗೆ ಬರುತ್ತವೆ. ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಮನೆಯ ದಾಖಲೆಗಳ ಫೈಲಿನಲ್ಲಿ ಇಡಿ, ಇಬ್ಬರಿಗಾದರೂ ತಿಳಿದಿರಲಿ. ಬೀರುವಿನಲ್ಲಿಡುವ ಡಿಸ್ಕು ತಿರುಗುವ ತಟ್ಟೆಯದೇ ಆಗಿರಲಿ. ಎಸ್‌ಎಸ್‌ಡಿ ವೇಗದ್ದು ನಿಜ, ಆದರೆ ವರ್ಷಗಟ್ಟಲೆ ಕರೆಂಟು ಕಾಣದೆ ಇಟ್ಟರೆ ಅದರಲ್ಲಿ ಬರೆದದ್ದು ಮಾಸುವ ಭಯವಿದೆ. ಡಿಸ್ಕನ್ನು ವಾಪಸ್ಸು ತಂದಾಗ ಹೆಸರುಗಳ ಪಟ್ಟಿ ನೋಡಿ ಸರಿಯಿದೆ ಅನ್ನಬೇಡಿ. ನಾಲ್ಕಾರು ವಿಡಿಯೊಗಳನ್ನು ತೆರೆದು, ನಡುವಿನಿಂದ ಓಡಿಸಿ, ದನಿ ಬರುತ್ತದೆಯೇ ಕೇಳಿ.

ಫೋಲ್ಡರುಗಳ ಹೆಸರು ಸರಳವಾಗಿರಲಿ. ವರ್ಷ ಮೊದಲು, ಆಮೇಲೆ ಊರು, ಆಮೇಲೆ ಸಂದರ್ಭ. '2019 ಮಳವಳ್ಳಿ ಮದುವೆ' ಎಂದಿದ್ದರೆ ಮೊಮ್ಮಗಳಿಗೂ ಸಿಗುತ್ತದೆ. ಹಾಡಿದವರ, ಮಾತಾಡಿದವರ ಹೆಸರನ್ನು ಅದೇ ಫೋಲ್ಡರಿನಲ್ಲಿ ಒಂದು ಸಣ್ಣ ಟಿಪ್ಪಣಿಯಲ್ಲಿ ಬರೆದಿಡಿ. ಫೋಟೊದಲ್ಲಿರುವ ಮುಖಗಳನ್ನು ಗುರುತು ಹಿಡಿಯುವ ಹಿರಿಯರು ಇರುವಾಗಲೇ ಅವರ ಪಕ್ಕದಲ್ಲಿ ಕೂತು ಮಾಡಬೇಕಾದ ಕೆಲಸ ಇದು.

ಶುರು ಎಲ್ಲಿಂದ ಅಂದರೆ, ಮನೆಯಲ್ಲಿ ಬಿದ್ದಿರುವ ಹಳೆಯ ಫೋನುಗಳಿಂದ. ಈ ಭಾನುವಾರ ಅವನ್ನು ಹುಡುಕಿ ತೆಗೆಯಿರಿ. ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ರಿಪೇರಿಯವರಿಗೆ ಕೊಟ್ಟು ಬ್ಯಾಟರಿ ಬದಲಿಸಿ ಆನ್ ಮಾಡಿಸಿ. ಉಳಿದವನ್ನು ಚಾರ್ಜಿಗೆ ಹಾಕಿ, ಒಳಗಿನ ಮೆಮೊರಿ ಕಾರ್ಡು ಮರೆಯದೆ ನೋಡಿ, ಕ್ಯಾಮೆರಾ ಫೋಲ್ಡರಿನ ಜೊತೆಗೆ ವಾಯ್ಸ್ ರೆಕಾರ್ಡರ್ ಫೋಲ್ಡರನ್ನೂ ನಕಲು ಮಾಡಿಕೊಳ್ಳಿ. ಜನ ಹೆಚ್ಚಾಗಿ ಬಿಟ್ಟುಹೋಗುವುದು ಅದನ್ನೇ.